ಅರ್ಧ ಟನ್ನಿನ ಗಾಡಿ

ಫ್ಲ್ಯಾಟ್ ಬುಷ್, ಆಕ್ಲೆಂಡ್
೮ ಜೂನ್ ೨೦೨೫, ಭಾನುವಾರ

ಪ್ರೀತಿಯ ಕೇದಾರ್,

ಹೀಗೆ ಕರೆದರೆ ನಿಮಗೆ ಬೇಸರವಾಗುತ್ತದೋ ಏನೋ. ಬೇರೆ ಥರ ಶುರುಮಾಡಿ ನೋಡಿದೆ, ಆಗಲಿಲ್ಲ. ಹತ್ತೊಂಬತ್ತು ವರ್ಷ ಹೀಗೇ ಕರೆದಿದ್ದೇನೆ. ಇವತ್ತೊಂದು ದಿನ ಸಹಿಸಿಕೊಳ್ಳಿ.

ನಿಮ್ಮ ಭುಜ ಹೇಗಿದೆ? ಚಳಿ ಬಿದ್ದ ಮೇಲೆ ನೋವು ಹೆಚ್ಚಾಗಿರಬೇಕು. ಹೆಂಡರ್ಸನ್ನಿನ ಆ ಬಾಡಿಗೆ ಕೋಣೆಯ ಗೋಡೆ ಒಸರುತ್ತದೆ, ಕಿಟಕಿಯ ಹತ್ತಿರ ಬೂಷ್ಟು ಬಂದಿದೆ ಎಂದು ಸ್ಮೃತಿ ಹೇಳಿದಳು. ಹೀಟರ್ ಹಾಕಿಕೊಂಡೇ ಮಲಗಿ. ಶನಿವಾರದ ಸಮುದಾಯ ಸೇವೆಗೆ ನಿಮ್ಮನ್ನು ಸ್ಮಶಾನದ ಹುಲ್ಲು ಕತ್ತರಿಸಲು ಹಾಕಿದ್ದಾರಂತೆ. ಆ ಭುಜ ಇಟ್ಟುಕೊಂಡು ಯಂತ್ರ ಹೇಗೆ ತಳ್ಳುತ್ತೀರೋ ನನಗೆ ಗೊತ್ತಿಲ್ಲ. ನೀವು ಯಾರಿಗೂ ಹೇಳುವುದಿಲ್ಲ, ಅದು ಗೊತ್ತು.

ನಾವಿಲ್ಲಿ ಆರಾಮ ಎಂದು ಬರೆಯಬೇಕು. ಬರೆಯಲಾರೆ. ಸ್ಮೃತಿ, ನಮ್ಮ ಹುಡುಗಿ, ಆರಾಮಿಲ್ಲ. ಅವಳ ವಿಷಯಕ್ಕೇ ಬರುತ್ತೇನೆ. ಅದಕ್ಕೆ ಮೊದಲು ಗಾಡಿಯ ವಿಷಯ ಹೇಳಬೇಕು. ಫೋನಿನಲ್ಲಿ ಹೇಳಬಹುದಿತ್ತು. ಫೋನಿನಲ್ಲಿ ನೀವು ‘ಇರ್ಲಿ ಬಿಡು’ ಅಂದುಬಿಡುತ್ತೀರಿ, ನಾನೂ ಬಿಟ್ಟುಬಿಡುತ್ತೇನೆ. ಹದಿನಾರು ತಿಂಗಳು ಹಾಗೇ ಬಿಟ್ಟಿದ್ದೇನೆ.

ಸಂಬಳದ ಲೆಕ್ಕ ಬರೆಯುವ ಆಫೀಸಿನ ಕೆಲಸ ಬಿಟ್ಟು ರೊಟ್ಟಿ ಮಾರುತ್ತೇನೆ ಎಂದು ಹಟ ಹಿಡಿದವಳು ನಾನು. ಪುಕೆಕೊಹೆಯಲ್ಲಿ ಮೀನು ಮತ್ತು ಆಲೂಗಡ್ಡೆ ಕರಿದು ಮಾರುತ್ತಿದ್ದವನ ಹಳೆಯ ಟ್ರೇಲರ್ ನೋಡಿ ಬಂದವಳೂ ನಾನೇ. ಒಳಗೆ ಒಲೆ, ತೊಟ್ಟಿ, ನೀರಿನ ಟ್ಯಾಂಕು, ಹಿಂದೆ ತೆರೆಯುವ ಬಾಗಿಲು. ಎಣ್ಣೆಯ ಜಿಡ್ಡು ತಿಕ್ಕಿ ತೆಗೆಯಲು ನಮ್ಮಿಬ್ಬರಿಗೆ ಎರಡು ವಾರ ಹಿಡಿಯಿತು. ಅದನ್ನು ಎಳೆಯಲು ನಮ್ಮ ಕಾರಿಗೆ ಶಕ್ತಿಯಿರಲಿಲ್ಲ. ಸಾಮಾನು ಸೇರಿ ಎರಡೂವರೆ ಟನ್ ಆಗುತ್ತದೆ ಎಂದು ನೀವು ತೂಗಿಸಿಕೊಂಡು ಬಂದಿರಿ. ಗಾಡಿ ಹುಡುಕುವ ಕೆಲಸ ಶುರುವಾದದ್ದು ಹಾಗೆ.

ನಿಮಗೆ ನೆನಪಿರಬಹುದು, ಅಮೆರಿಕದ ಪಿಕಪ್‌ಗಳನ್ನು ತರಿಸಿ ಸ್ಟಿಯರಿಂಗ್ ಬಲಕ್ಕೆ ಬದಲಿಸಿ ಮಾರುವ ಆ ಅಂಗಳದಲ್ಲಿ ಎರಡು ಗಾಡಿಗಳು ಅಕ್ಕಪಕ್ಕ ನಿಂತಿದ್ದವು. ಒಂದು ಅರ್ಧ ಟನ್ನಿನದು, ಇನ್ನೊಂದು ಮುಕ್ಕಾಲು ಟನ್ನಿನದು. ಅದು ಹಳೆಯ ಕಾಲದ ಹೆಸರು, ನಿಜವಾಗಿ ಎರಡೂ ಅದಕ್ಕಿಂತ ಹೆಚ್ಚು ಹೊರುತ್ತವೆ ಎಂದು ನೀವು ನನಗೆ ತಿಳಿಸಿ ಹೇಳಿದಿರಿ. ಮೂರು ವಾರ ರಾತ್ರಿ ಊಟವಾದ ಮೇಲೆ ಕೂತು ಓದಿದ್ದಿರಿ. ಚಪಾತಿ ಮಣೆಯ ಮೇಲೆ ಲಟ್ಟಣಿಗೆ ಇಟ್ಟು, ಅದರ ಮೇಲೆ ಸ್ಕೇಲು ಇಟ್ಟು, ಸ್ಕೇಲಿನ ಹಿಂಬದಿಗೆ ನಿಂಬೆಹಣ್ಣು ಜರುಗಿಸಿ, ಟ್ರೇಲರಿನ ಭಾರ ಹಿಂದಕ್ಕೆ ಹೋದರೆ ಮೂಗು ಮೇಲೆದ್ದು ಗಾಡಿಯ ಬಾಲವನ್ನು ಅಲ್ಲಾಡಿಸುತ್ತದೆ ಎಂದು ನನಗೂ ಸ್ಮೃತಿಗೂ ತೋರಿಸಿದ್ದಿರಿ. ಅವಳು ನಕ್ಕಿದ್ದಳು. ನಾನು ಕಾಯಿಪಲ್ಯೆ ಹೆಚ್ಚುತ್ತಾ ಅರ್ಧ ಕೇಳಿಸಿಕೊಂಡಿದ್ದೆ.

ನಿಮ್ಮ ಮನಸ್ಸು ಮುಕ್ಕಾಲು ಟನ್ನಿನ ಮೇಲಿತ್ತು. ಖುರ್ಷಿದ್ ಭಾಯಿ ಕೂಡ ಅದನ್ನೇ ಹೇಳಿದರು. ಹದಿನೈದು ವರ್ಷದಿಂದ ಇಲ್ಲಿ ಮಣ್ಣು ಅಗೆಯುವ ಯಂತ್ರ ಎಳೆದುಕೊಂಡು ತಿರುಗುವ ಮನುಷ್ಯ. ಆವತ್ತು ನಮಗೋಸ್ಕರ ಮನುಕಾವ್‌ನಿಂದ ಕೆಲಸ ಬಿಟ್ಟು ಬಂದಿದ್ದರು. ಎರಡೂ ಗಾಡಿಗಳ ಹಿಂದಿನ ಗಾಲಿಯ ಹತ್ತಿರ ಕುಕ್ಕರುಗಾಲಲ್ಲಿ ಕೂತು ಸ್ಪ್ರಿಂಗ್ ಮುಟ್ಟಿ ನೋಡಿ, ಎದ್ದು ನಿಂತು ನನ್ನ ಕಡೆಗೇ ತಿರುಗಿ ಹೇಳಿದರು.

“ಭಾಭಿ, ಸಣ್ಣದು ಎಳೀತದ, ಎಳಿಯಂಗಿಲ್ಲ ಅಂತಲ್ಲ. ಆದ್ರ ಎಳಿಯೂದು ಬ್ಯಾರೆ, ಹಿಡಿಯೂದು ಬ್ಯಾರೆ. ಇಳಿಜಾರಿನ್ಯಾಗ ಹಿಂದಿಂದು ನೂಕಿದ್ರ ಇದು ಹಿಡೀತದೇನು, ಅಷ್ಟು ಕೇಳ್ಕೋರಿ.”

ನಾನು ಕೇಳಿಕೊಳ್ಳಲಿಲ್ಲ. ದೊಡ್ಡದು ನಮ್ಮ ಓಣಿಯ ಡ್ರೈವ್‌ವೇನಲ್ಲಿ ಹಿಡಿಸುವುದಿಲ್ಲ, ಪಕ್ಕದ ಮನೆಯವರು ದೂರು ಕೊಡುತ್ತಾರೆ ಎಂದೆ. ಖಾಲಿ ಇದ್ದಾಗ ಎತ್ತಿ ಎತ್ತಿ ಹಾಕುತ್ತದೆ, ಹತ್ತಲು ಏಣಿ ಬೇಕು ಎಂದೆ. ಅವೆಲ್ಲ ನಿಜವೇ. ಆದರೆ ಒಳಗಿನ ಕಾರಣ ಬೇರೆ. ದೊಡ್ಡದನ್ನು ಆ ಅಂಗಳದಲ್ಲಿ ಒಂದು ಸುತ್ತು ಓಡಿಸಿದಾಗ ಬೇಲಿಗೆ ತಾಗುವುದು ಸ್ವಲ್ಪದರಲ್ಲಿ ತಪ್ಪಿತು. ನಾನು ಓಡಿಸಲಾಗದ ಗಾಡಿ ಬಂದರೆ ಪ್ರತಿ ಸಂತೆಗೂ ನಿಮ್ಮನ್ನು ಕಾಯಬೇಕು, ಆಗ ಟ್ರೇಲರ್ ನಿಮ್ಮದಾಗುತ್ತದೆ, ನಾನು ನಿಮ್ಮ ಅಡಿಗೆಯವಳಾಗುತ್ತೇನೆ ಅನಿಸಿತು. ಇದನ್ನು ನಿಮಗೆ ಹೇಳಲು ನಾಚಿಕೆಯಾಗಿ ಡ್ರೈವ್‌ವೇ ನೆಪ ಹೇಳಿದೆ. ಎರಡು ದಿನ ಮಾತು ಬಿಟ್ಟೆ. ಮೂರನೆಯ ದಿನ ನೀವು ಅರ್ಧ ಟನ್ನಿನದಕ್ಕೆ ಸಹಿ ಹಾಕಿ ಬಂದಿರಿ. ಮನೆಗೆ ಬಂದು, ಭಾರವನ್ನು ಸರಿಯಾಗಿ ಹಂಚಿದರೆ ಇದೂ ಸಾಕು ಎಂದಿರಿ. ಹಿಟ್ಟಿನ ಚೀಲ, ಗ್ಯಾಸು ಎಲ್ಲ ಮುಂದೆ, ಗಾಲಿಯ ಮೇಲೆ. ಹಿಂದಿನ ಟ್ಯಾಂಕು ದಾರಿಯಲ್ಲಿ ಖಾಲಿಯಿರಬೇಕು, ಸಂತೆಗೆ ಹೋದ ಮೇಲೆ ಅಲ್ಲಿಯ ನಲ್ಲಿಯಿಂದ ತುಂಬುವುದು. ಅದೊಂದೇ ನಿಯಮ ನೀವು ಹಾಕಿದ್ದು.

ಐದು ತಿಂಗಳು ಚೆನ್ನಾಗಿಯೇ ನಡೆಯಿತು. ಇಲ್ಲಿಯ ಜನ ರೊಟ್ಟಿಗೆ ಶೇಂಗಾ ಚಟ್ನಿ ಹಚ್ಚಿಕೊಂಡು ತಿಂದು, ಮುಂದಿನ ವಾರ ಮತ್ತೆ ಬಂದು ಹೆಸರು ಹೇಳಲು ಬಾರದೆ ‘ಆ ಗುಂಡಗಿನದು’ ಎಂದು ಕೇಳುತ್ತಿದ್ದರು. ನೀವು ಕಿಟಕಿಯಲ್ಲಿ ನಿಂತು ಕೊಡುತ್ತಿದ್ದಿರಿ. ನನ್ನ ಜೀವನದಲ್ಲಿ ಅಷ್ಟು ಸಂತೋಷದ ಐದು ತಿಂಗಳು ಇನ್ನೊಮ್ಮೆ ಬಂದಿಲ್ಲ.

ಆಮೇಲೆ ಫೆಬ್ರವರಿಯ ಆ ಶನಿವಾರ. ಮಾತಮಾತಾ ಊರಿನ ಸಂತೆಗೆ ಹೊರಟಿದ್ದೆವು. ಇಪ್ಪತ್ತೇಳನೇ ಹೆದ್ದಾರಿಯ ಇಳಿಜಾರಿನಲ್ಲಿ ಹಿಂದಿನಿಂದ ಯಾರೋ ಬಾಲ ಹಿಡಿದು ಎಳೆದಂತಾಯಿತು. ಎಡಕ್ಕೆ, ಬಲಕ್ಕೆ, ಮತ್ತೆ ಎಡಕ್ಕೆ. ನೀವು ವೇಗ ತೊಂಬತ್ತು ದಾಟಿಸಿರಲಿಲ್ಲ, ನಾನು ನೋಡಿದ್ದೆ. ಸ್ಟಿಯರಿಂಗ್ ನೇರ ಹಿಡಿದು ಟ್ರೇಲರಿನ ಬ್ರೇಕಿನ ಗುಂಡಿಗೆ ಕೈ ಹಾಕಿದಿರಿ. ಅಷ್ಟರಲ್ಲಿ ಟ್ರೇಲರ್ ಗೆರೆ ದಾಟಿತ್ತು. ಎದುರಿನಿಂದ ಬರುತ್ತಿದ್ದವರು ಗ್ರೇಮ್. ಅರವತ್ತೊಂದು ವರ್ಷ. ಬೇಲಿ ಕತ್ತರಿಸುವ ಗರಗಸದ ಸರಪಳಿ ಸಾಣೆ ಹಿಡಿಸಲು ಹೊರಟಿದ್ದರು. ಸರಪಳಿ ಪಕ್ಕದ ಸೀಟಿನಲ್ಲಿತ್ತು ಎಂದು ಅವರ ಹೆಂಡತಿ ಲೊರೇನ್ ಆಮೇಲೆ ಹೇಳಿದರು.

ಪೊಲೀಸರಿಗೆ ನೀವು ಹೇಳಿದ್ದು ಎರಡೇ ಮಾತು. ಗಾಡಿ ಸಣ್ಣದಾಯಿತು, ಆರಿಸಿದವನು ನಾನು. ಕೋರ್ಟಿನಲ್ಲೂ ಅದನ್ನೇ ಹೇಳಿ ತಪ್ಪೊಪ್ಪಿಕೊಂಡಿರಿ. ಹಿಂದಿನ ಬೆಂಚಿನಲ್ಲಿ ಕೂತಿದ್ದ ನಾನು ‘ಆರಿಸಿದವಳು ನಾನು’ ಎಂದು ಅನ್ನಲಿಲ್ಲ. ಗಾಡಿ ಆರಿಸಿದ್ದು ಅಪರಾಧವಲ್ಲ, ಹೇಳಿದರೆ ಯಾರಿಗೇನು ಲಾಭ ಎಂದು ನನಗೆ ನಾನೇ ಹೇಳಿಕೊಂಡೆ. ಖುರ್ಷಿದ್ ಭಾಯಿ ಮೂರು ದಿನ ಊಟ ತಂದುಕೊಟ್ಟರು. ‘ನಾ ಹೇಳಿದ್ದೆ’ ಎಂಬ ಒಂದು ಮಾತು ಅವರ ಬಾಯಿಂದ ಬರಲಿಲ್ಲ. ಬಂದಿದ್ದರೆ ನನಗೆ ಸ್ವಲ್ಪ ಹಗುರವಾಗುತ್ತಿತ್ತು.

ಶಿಕ್ಷೆಗೆ ಮೊದಲು ಲೊರೇನ್ ನಮ್ಮನ್ನು ನೋಡಬೇಕೆಂದು ಕೇಳಿದರಲ್ಲ, ಕೋರ್ಟಿನ ಕಡೆಯವರು ಕೂಡಿಸಿದ ಆ ಸಭೆ ನನಗೆ ದಿನಾ ಕಣ್ಣಮುಂದೆ ಬರುತ್ತದೆ. ಮನುಕಾವ್‌ನ ಆ ಸಣ್ಣ ಕೋಣೆ, ದುಂಡಗೆ ಹಾಕಿದ ಕುರ್ಚಿಗಳು, ನಡುವೆ ಟಿಶ್ಯೂ ಡಬ್ಬಿ. ಆಕೆ ಕೂಗಾಡಲಿಲ್ಲ. ಗಂಡನ ಒಂದು ಫೋಟೋ ತಂದಿದ್ದರು, ತೋರಿಸಿದರು, ಮತ್ತೆ ಚೀಲದಲ್ಲಿಟ್ಟುಕೊಂಡರು. ಪರಿಣತರ ವರದಿ ಓದಿದೆ, ನನಗೆ ಅದು ಅರ್ಥವಾಗುವುದಿಲ್ಲ, ಅದಕ್ಕೆ ನಿಮ್ಮ ಬಾಯಿಂದಲೇ ಕೇಳುತ್ತೇನೆ ಎಂದರು.

“ಆ ಟ್ರೇಲರಿನಲ್ಲಿ ಇರಬಾರದ್ದು ಏನಾದರೂ ಇತ್ತಾ?”

ನೀವು ನಿಮ್ಮ ಅಂಗೈ ನೋಡುತ್ತಿದ್ದಿರಿ. “ಇಲ್ಲ,” ಎಂದಿರಿ. “ತುಂಬಿದವನು ನಾನು. ನೋಡಿದವನೂ ನಾನು.”

ಆಕೆ ನನ್ನ ಕಡೆ ನೋಡಿದರು. ನಾನು ತಲೆಯಾಡಿಸಿದೆ. ಹೌದು ಎಂದೋ ಇಲ್ಲ ಎಂದೋ ನನಗೇ ಗೊತ್ತಿಲ್ಲ. ನಮ್ಮ ಜನ ತಲೆಯಾಡಿಸುವುದು ಅವರಿಗೆ ತಿಳಿಯುವುದಿಲ್ಲವಲ್ಲ.

ಸಮುದಾಯ ಸೇವೆಯ ಶಿಕ್ಷೆಯಾಗಿ ಎರಡು ತಿಂಗಳಿಗೆ ನೀವು ಮನೆ ಬಿಟ್ಟಿರಿ. ಲೈಸೆನ್ಸ್ ಹೋದ ಮೇಲೆ ಕೆಲಸಕ್ಕೆ ಆ ಕಡೆಯೇ ಅನುಕೂಲ, ರೈಲು ಸಿಗುತ್ತದೆ ಎಂದು ಸ್ಮೃತಿಗೆ ಹೇಳಿದಿರಿ. ನನಗೆ ಹೇಳಿದ್ದು ಬಾಗಿಲಲ್ಲಿ, ಬೂಟು ಹಾಕಿಕೊಳ್ಳುತ್ತಾ.

“ನಿನ್ನ ಮ್ಯಾಲ ಸಿಟ್ಟಿಲ್ಲ ಹಂಸಾ. ನಿನ್ನ ಮಾರಿ ನೋಡಿದ್ರ ಆ ರಸ್ತೆ ಕಾಣತದ.”

ನಾನು ಯಾಕೆ ಎಂದು ಕೇಳಲಿಲ್ಲ. ಕೇಳಿದ್ದರೆ ನೀವು ಹೇಳಿಬಿಡುತ್ತಿದ್ದಿರಿ.

ಹೋದ ತಿಂಗಳು ಇಲ್ಲಿಯ ನಮ್ಮವರು ಬಸವ ಜಯಂತಿ ಮಾಡಿದರು. ಸ್ಮೃತಿಯನ್ನು ಒತ್ತಾಯ ಮಾಡಿ ಕರೆದುಕೊಂಡು ಹೋಗಿದ್ದೆ. ಪ್ರಸಾದದ ಸಾಲಿನಲ್ಲಿ ಮಲ್ಲವ್ವ ಆಂಟಿ ನನ್ನ ಕೈ ಹಿಡಿದುಕೊಂಡು ಕಣ್ಣೀರು ಹಾಕಿದರು. ಎಂಥಾ ಶಾಣ್ಯಾ ಮನುಷ್ಯ, ನಾಲ್ಕು ದುಡ್ಡಿನ ಆಸೆಗೆ ಸಣ್ಣ ಗಾಡಿ ತಗೊಂಡು ಹೆಂಡತಿ ಮಗಳನ್ನು ಬೀದಿಗೆ ತಂದ, ಇನ್ನು ಮುಖ ತೋರಿಸಲಾರದೆ ಓಡಿಹೋದ ಎಂದರು. ನಾಲ್ಕು ಜನ ಕೇಳುವಂತೆಯೇ ಅಂದರು. ನಾನು ಹೂಂ ಎಂದೆ, ಕೇದಾರ್. ಆ ‘ಹೂಂ’ ನನ್ನ ಬಾಯಿಂದ ಎಷ್ಟು ಸಲೀಸಾಗಿ ಬಂತೆಂದರೆ, ಅದನ್ನು ಹಿಂದೆಯೂ ಎಷ್ಟೋ ಸಲ ಅಂದಿದ್ದೆನೆಂದು ಆಗ ಹೊಳೆಯಿತು.

ಸ್ಮೃತಿ ತಟ್ಟೆ ಅಲ್ಲೇ ಇಟ್ಟು ಹೊರಗೆ ಹೋದಳು. ಕಾರಿನಲ್ಲಿ ಹಿಂದಿನ ಸೀಟಿನಲ್ಲಿ ಕೂತಿದ್ದಳು. ಈಗ ಅವಳು ಮುಂದೆ ಕೂರುವುದೇ ಇಲ್ಲ. ಕ್ಲಾಸಿನವರೆಲ್ಲ ಡ್ರೈವಿಂಗ್ ಕಲಿತರು, ಇವಳು ಪುಸ್ತಕವನ್ನೂ ತೆರೆಯಲಿಲ್ಲ. ವಾರದಲ್ಲಿ ಎರಡು ದಿನ ಶಾಲೆಗೆ ಹೋಗುವುದಿಲ್ಲ, ಊಟ ಅರ್ಧಕ್ಕೆ ಬಿಡುತ್ತಾಳೆ. ಅಪ್ಪ ಹೋದ ಬೇಸರ ಎಂದು ನಾನು ಟೀಚರಿಗೆ ಹೇಳಿದ್ದೆ, ನಿಮಗೂ ಹೇಳಿದ್ದೆ. ಗಾಡಿ ಶುರು ಮಾಡಿದೆ. ಹಿಂದಿನಿಂದ ಇಂಗ್ಲಿಷಿನಲ್ಲಿ, ಎಂದಿನಂತೆ ತಣ್ಣಗೆ, ಹೇಳಿದಳು.

“ಅಪ್ಪ ಅಲ್ಲ, ಮಮ್. ಪೈಪು ಹಿಡಿದಿದ್ದು ನಾನು. ಆ ಮನುಷ್ಯನನ್ನು ಕೊಂದದ್ದು ನಾನು.”

ನಾನು ಎಂಜಿನ್ ಆರಿಸಿದೆ.

ಈಗ ಬರೆಯುತ್ತೇನೆ. ನಿಮಗೆ ಗೊತ್ತಿರುವುದನ್ನೇ ಬರೆಯುತ್ತೇನೆ, ಆದರೆ ನನ್ನ ಕೈಯಿಂದ ಬರಬೇಕು.

ಅಪಘಾತದ ಹಿಂದಿನ ಶನಿವಾರ ಸಂತೆಯ ನಲ್ಲಿಯ ಸಾಲಿನಲ್ಲಿ ನಿಂತು ನಿಂತು ನಮಗೆ ಒಂದು ತಾಸು ತಡವಾಗಿತ್ತು, ಊಟದ ಹೊತ್ತಿನ ಗಿರಾಕಿಗಳು ಪಕ್ಕದವನ ಹತ್ತಿರ ಹೋಗಿದ್ದರು. ಆ ವಾರವೆಲ್ಲ ಅದೇ ಜಗಳ. ನೀವು ನಿಯಮ ಬಿಡಲಿಲ್ಲ. ಆ ದಿನ ಬೆಳಿಗ್ಗೆ ನೀವು ಸ್ನಾನಕ್ಕೆ ಹೋದಾಗ ನಾನು ಸ್ಮೃತಿಯನ್ನು ಎಬ್ಬಿಸಿ, ಗಾರ್ಡನ್ ಪೈಪು ಹಿಡಿ ಎಂದೆ. ಅವಳು ಕಣ್ಣುಜ್ಜಿಕೊಂಡು, ಅಪ್ಪ ಬೇಡ ಎಂದಿದ್ದಾರಲ್ಲ ಎಂದಳು. ಅಪ್ಪನಿಗೆ ಗೊತ್ತು, ಹಿಡಿ ಎಂದೆ. ನಾನು ನಲ್ಲಿ ತಿರುಗಿಸಿದೆ. ನೀವು ಇಸ್ತ್ರಿ ಮಾಡಿದ ಅಂಗಿ ತೊಟ್ಟು ಬಂದು ಕೊಂಡಿ, ಸರಪಳಿ, ದೀಪ ಎಲ್ಲ ಪರೀಕ್ಷಿಸುವಷ್ಟರಲ್ಲಿ ಟ್ಯಾಂಕು ತುಂಬಿ ಮುಚ್ಚಳ ಬಿದ್ದಿತ್ತು. ಮುನ್ನೂರು ಲೀಟರು. ಟ್ರೇಲರಿನ ಕಟ್ಟಕಡೆಯ ತುದಿಯಲ್ಲಿ.

ಆಕ್ಲೆಂಡ್ ದಾಟುವಲ್ಲಿ ಬಾಂಬೆ ಅನ್ನುವ ಗುಡ್ಡದ ಪೆಟ್ರೋಲ್ ಬಂಕಿನಲ್ಲಿ ನೀವು ಇಳಿದು ಹಿಂದಕ್ಕೆ ಹೋಗಿ ನೋಡಿ ಬಂದಿರಿ. ಬಾಗಿಲು ತೆರೆದು ನಿಂತು ಕೇಳಿದಿರಿ.

“ಯಾಕೋ ಹಿಂದ ತೂಗಾಡ್ಲಿಕತ್ತದ. ಟ್ಯಾಂಕಿಗೆ ನೀರು ಹಾಕಿಲ್ಲಲ್ಲ?”

“ಇಲ್ರಿ,” ಎಂದೆ. “ಅಲ್ಲೇ ಹೋಗಿ ತುಂಬೂದಲ್ಲ.”

ಸುಳ್ಳು ಹೇಳಬೇಕೆಂದು ಹೇಳಲಿಲ್ಲ. ಹಾಕಿದ್ದೇನೆ ಎಂದರೆ ನೀವು ಅಲ್ಲೇ ಅದನ್ನು ಖಾಲಿ ಮಾಡಿಸುತ್ತಿದ್ದಿರಿ, ಅರ್ಧ ತಾಸು ಹೋಗುತ್ತಿತ್ತು, ಮತ್ತೆ ಜಗಳವಾಗುತ್ತಿತ್ತು. ಅಷ್ಟೇ. ಅರ್ಧ ತಾಸಿನ ಸಲುವಾಗಿ. ಹಿಂದಿನ ಸೀಟಿನಲ್ಲಿ ಸ್ಮೃತಿ ಕಿವಿಯಿಂದ ಇಯರ್‌ಫೋನ್ ತೆಗೆದು ನನ್ನನ್ನೇ ನೋಡುತ್ತಿದ್ದಳು. ನಾನು ಕನ್ನಡಿಯಲ್ಲಿ ಅವಳಿಗೆ ಕಣ್ಣು ಸನ್ನೆ ಮಾಡಿದೆ, ಸುಮ್ಮನಿರು ಎಂದು. ಅವಳು ಸುಮ್ಮನಾದಳು. ಹೋದ ತಿಂಗಳವರೆಗೂ ಸುಮ್ಮನಿದ್ದಳು.

ಟ್ಯಾಂಕು ಒಡೆದು ನೀರೆಲ್ಲ ರಸ್ತೆಗೆ ಹೋಯಿತು. ಹತ್ತು ದಿನದಿಂದ ಮಳೆಯಿರಲಿಲ್ಲ. ಅಗ್ನಿಶಾಮಕದವರು ಬಂದು ಡೀಸೆಲ್ ತೊಳೆಯಲು ಇನ್ನಷ್ಟು ನೀರು ಬಿಟ್ಟರು, ಅದರಲ್ಲಿ ಇದೂ ಸೇರಿಹೋಯಿತು. ವರದಿ ಬರೆದವರಿಗೆ ಸಿಕ್ಕಿದ್ದು ಒಡೆದ ಖಾಲಿ ಟ್ಯಾಂಕು, ಸಣ್ಣ ಗಾಡಿ. ಆದರೆ ಅವರು ಬರುವ ಮೊದಲೇ ನೀವು ಭುಜ ಹಿಡಿದುಕೊಂಡು ಹುಲ್ಲಿನ ಮೇಲೆ ಕೂತಿದ್ದಿರಿ, ಒದ್ದೆ ರಸ್ತೆಯನ್ನು ನೋಡುತ್ತಿದ್ದಿರಿ. ಆಮೇಲೆ ತಲೆಯೆತ್ತಿ ನನ್ನನ್ನು ನೋಡಿದಿರಿ. ಒಂದೇ ಸಲ. ನಿಮಗೆ ಅವತ್ತೇ ತಿಳಿಯಿತು. ಪೊಲೀಸಿನವನು ಪುಸ್ತಕ ತೆರೆದಾಗ ನೀವು ಹೇಳಿದಿರಿ, ಗಾಡಿ ಸಣ್ಣದಾಯಿತು, ಆರಿಸಿದವನು ನಾನು.

ನನಗಾಗಿ ಹೇಳಿದಿರಿ ಎಂದು ಬಹಳ ದಿನ ಅಂದುಕೊಂಡಿದ್ದೆ. ನನ್ನನ್ನು ಉಳಿಸಿದಿರಿ, ಅದಕ್ಕೇ ನನ್ನ ಮುಖ ನೋಡಲಾರಿರಿ. ಅದೂ ಒಂದು ಥರದ ಪ್ರೀತಿ ಎಂದು ಅದನ್ನೇ ಹೊದ್ದುಕೊಂಡು ಮಲಗಿದೆ. ಆ ಹೊದಿಕೆಯ ಕೆಳಗೆ ನಮ್ಮ ಮಗಳು ಉಸಿರುಗಟ್ಟುತ್ತಿದ್ದುದು ನನಗೆ ಕಾಣಲಿಲ್ಲ. ಹದಿನಾರರ ಹುಡುಗಿ. ತಾನು ಬಾಯಿ ಬಿಟ್ಟರೆ ಅಮ್ಮ ಜೈಲಿಗೆ, ಬಿಡದಿದ್ದರೆ ಅಪ್ಪನ ಮೇಲೆ ಸುಳ್ಳು. ಯಾರಿಗೆ ಹೇಳಬೇಕಿತ್ತು ಅವಳು? ಲೊರೇನ್ ಅವರ ಹೆಸರಿನಲ್ಲಿ ಅವಳ ಫೋನಿನಲ್ಲಿ ನಾಲ್ಕು ಪತ್ರಗಳಿವೆ. ಒಂದನ್ನೂ ಕಳಿಸಿಲ್ಲ. ಒಂದರಲ್ಲಿ ಬರೀ ‘ಸಾರಿ’ ಎಂದು ಇದೆ, ಎಣಿಸಲಾಗದಷ್ಟು ಸಲ.

ಕಾರಿನಲ್ಲಿ ಅವಳ ಪಕ್ಕ ಹೋಗಿ ಕೂತೆ. ನಲ್ಲಿ ತಿರುಗಿಸಿದ್ದು ನಾನು, ಸುಳ್ಳು ಹೇಳಿದ್ದು ನಾನು, ನೀನು ಅಮ್ಮ ಹೇಳಿದ ಕೆಲಸ ಮಾಡಿದೆ ಎಂದೆ. ಅವಳು ಕೇಳಿದಳು, ಹಾಗಾದರೆ ಅದನ್ನು ನೀನು ಯಾಕೆ ಯಾರಿಗೂ ಹೇಳಲಿಲ್ಲ? ಸಭಾಂಗಣದ ಬಾಗಿಲು ಹಾಕಿ ಎಲ್ಲರೂ ಹೋದರು.

ಆಮೇಲೆ ವಕೀಲರನ್ನು ನೋಡಿದೆ. ಹೇಳದೆ ಇರುವುದೇ ನನಗೆ ಕ್ಷೇಮ ಎಂದು ಅವರು ಎರಡು ಸಲ ಹೇಳಿದರು. ಶುಕ್ರವಾರ ಮನುಕಾವ್ ಠಾಣೆಗೆ ಹೋಗಿ ಹೇಳಿಕೆ ಕೊಟ್ಟು ಬಂದೆ. ಬರೆದುಕೊಂಡ ಹೆಣ್ಣುಮಗಳು ನಡುವೆ ಒಂದು ಸಲ ಪೆನ್ನು ಕೆಳಗಿಟ್ಟು, ಇದರ ಪರಿಣಾಮ ಗೊತ್ತಿದೆಯಾ ಎಂದು ಕೇಳಿದಳು. ಗೊತ್ತಿಲ್ಲ ಎಂದೆ. ಏನಾಗುತ್ತದೋ ಯಾರಿಗೂ ಗೊತ್ತಿಲ್ಲ. ತಿಂಗಳುಗಟ್ಟಲೆ ಹಿಡಿಯಬಹುದಂತೆ. ಲೊರೇನ್ ಅವರಿಗೆ ತಿಳಿಸುತ್ತಾರೆ. ನಾನೂ ಅವರಿಗೊಂದು ಪತ್ರ ಬರೆದು, ಸಭೆ ನಡೆಸಿಕೊಟ್ಟವರ ಕೈಗೆ ಕೊಟ್ಟಿದ್ದೇನೆ. ಕ್ಷಮಿಸಿ ಎಂದು ಕೇಳಿಲ್ಲ. ಸಭೆಯಲ್ಲಿ ಅವರು ಕೇಳಿದ ಪ್ರಶ್ನೆಗೆ ಉತ್ತರ ‘ಹೌದು’ ಎಂದಾಗಿತ್ತು ಎಂದಷ್ಟೇ ಬರೆದಿದ್ದೇನೆ.

ಮಲ್ಲವ್ವ ಆಂಟಿಗೂ ಫೋನ್ ಮಾಡಿ ಹೇಳಿದೆ. ಅವರು ಫೋನ್ ಇಟ್ಟುಬಿಟ್ಟರು. ಸಂಜೆಯೊಳಗೆ ಎಲ್ಲರಿಗೂ ಗೊತ್ತಾಗಿರುತ್ತದೆ. ಆಗಲಿ.

ನಿಮ್ಮನ್ನು ವಾಪಸ್ಸು ಬನ್ನಿ ಎಂದು ಕರೆಯುತ್ತಿಲ್ಲ. ನನ್ನ ಮುಖದಲ್ಲಿ ಆ ರಸ್ತೆ ಕಾಣುವುದು ಇದರಿಂದ ನಿಲ್ಲುವುದಿಲ್ಲ, ಅದು ನನಗೂ ಗೊತ್ತು. ಒಂದೇ ಕೇಳುತ್ತೇನೆ. ಸ್ಮೃತಿಯನ್ನು ಕರೆಸಿಕೊಳ್ಳಿ. ತಪ್ಪು ಅವಳದಲ್ಲ ಎಂಬ ನನ್ನ ಮಾತು ಅವಳು ನಂಬುವುದಿಲ್ಲ, ನಂಬಲು ನಾನು ಕಾರಣ ಕೊಟ್ಟಿಲ್ಲ. ನಿಮ್ಮ ಬಾಯಿಂದ ಕೇಳಿದರೆ ನಂಬುತ್ತಾಳೆ. ಇಂಗ್ಲಿಷಿನಲ್ಲೇ ಹೇಳಿ. ಅವಳು ಅಳಲಿಕ್ಕೆ ಶುರುಮಾಡಿದರೆ ‘ಇರ್ಲಿ ಬಿಡು’ ಅನ್ನಬೇಡಿ, ಅಳುವುದು ಮುಗಿಯುವವರೆಗೆ ಕೂತಿರಿ.

ಗುಳಿಗೆ ಊಟದ ಮೇಲೆ ತೆಗೆದುಕೊಳ್ಳಿ, ಖಾಲಿ ಹೊಟ್ಟೆಗೆ ಬೇಡ.

ಇಂತಿ,
ನಿಮಗೆ ‘ಇಲ್ರಿ’ ಎಂದವಳು,
ಹಂಸಾ

ಮರೆತ ಮಾತು: ಠಾಣೆಯಲ್ಲಿ ಕೊಟ್ಟ ಹೇಳಿಕೆಯಲ್ಲಿ ಎರಡು ಕಡೆ ನಿಜ ಹೇಳಿಲ್ಲ. ನೀರಿನ ವಿಷಯ ನಿಮಗೆ ಇವತ್ತಿಗೂ ಗೊತ್ತಿಲ್ಲ ಎಂದು ಬರೆಸಿದ್ದೇನೆ. ಗೊತ್ತಿದ್ದೂ ಮುಚ್ಚಿಟ್ಟಿರಿ ಎಂದಾದರೆ ನಿಮ್ಮ ಮೇಲೆ ಇನ್ನೊಂದು ಕೇಸಾಗುತ್ತದೆ ಎಂದು ವಕೀಲರು ಹೇಳಿದರು. ಮತ್ತೆ, ಪೈಪು ಯಾರೂ ಹಿಡಿದಿರಲಿಲ್ಲ, ನಾನೊಬ್ಬಳೇ ತುಂಬಿದೆ ಎಂದಿದ್ದೇನೆ. ಇದು ಸ್ಮೃತಿಗೆ ಗೊತ್ತಿಲ್ಲ. ಗೊತ್ತಾದರೆ ತಾನೇ ಹೋಗಿ ಹೇಳಿಬಿಡುತ್ತಾಳೆ. ಉಳಿದದ್ದೆಲ್ಲ ನಿಜ. ಪೊಲೀಸರು ಬಂದು ಕೇಳಿದರೆ ನೀವೂ ಹೀಗೇ ಹೇಳಬೇಕು. ಈ ಪತ್ರವನ್ನು ಇಟ್ಟುಕೊಳ್ಳಬೇಡಿ.